ಅಪಘಾತವಾದ ಕಾರು: "ಇವತ್ತೇ ಕೈಗೆ ಕ್ಯಾಶ್" ಎನ್ನುತ್ತಿದ್ದಾರೆ, ಕೊಟ್ಟುಬಿಡಲಾ?

ನೀಲಿಹಕ್ಕಿ:
ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನದ ಹಿಂದೆ ನನ್ನ ತಂಗಿ ಓಡಿಸುತ್ತಿದ್ದ ಕಾರು ನಿಂತಿದ್ದ ಲಾರಿಯ ಹಿಂಭಾಗಕ್ಕೆ ಗುದ್ದಿತು. ಅವಳ ಮಣಿಕಟ್ಟು ಮುರಿದಿದೆ, ಬೇರೆ ಏನೂ ಆಗಿಲ್ಲ. ಅದೇ ದೊಡ್ಡದು. ಕಾರಿನ ಮುಂಭಾಗ ಮಾತ್ರ ನಜ್ಜುಗುಜ್ಜು. ಬಾನೆಟ್ ಮಡಚಿಕೊಂಡಿದೆ, ರೇಡಿಯೇಟರ್ ಒಡೆದಿದೆ, ಎರಡೂ ಏರ್‌ಬ್ಯಾಗ್ ತೆರೆದುಕೊಂಡಿವೆ. ಗಾಡಿಗೆ ಹನ್ನೊಂದು ವರ್ಷ. ಇನ್ಶೂರೆನ್ಸ್ ಇರುವುದು ಥರ್ಡ್ ಪಾರ್ಟಿಗೆ ಮಾತ್ರ, ಹಾಗಾಗಿ ನಮ್ಮ ಗಾಡಿಗೆ ಏನೂ ಸಿಗುವುದಿಲ್ಲ.

ಈಗ ಅದು ಟೋ ಮಾಡಿದವರ ಯಾರ್ಡಿನಲ್ಲಿ ನಿಂತಿದೆ. ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತಿದೆ. ನಿನ್ನೆ ಒಬ್ಬರು ಫೋನ್ ಮಾಡಿದ್ದರು. ನಂಬರ್ ಹೇಗೆ ಸಿಕ್ಕಿತೋ ಗೊತ್ತಿಲ್ಲ. "ಗಾಡಿ ನೋಡುವುದೂ ಬೇಡ, ಕಾಗದಪತ್ರ ಇದ್ದರೆ ಸಾಕು, ಇವತ್ತೇ ಕ್ಯಾಶ್ ಕೊಟ್ಟು ಎತ್ತಿಕೊಂಡು ಹೋಗುತ್ತೇನೆ" ಎಂದರು. ಹೇಳಿದ ಮೊತ್ತ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಕೊಟ್ಟು ಕೈ ತೊಳೆದುಕೊಳ್ಳಲಾ? ಇಲ್ಲ, ರಿಪೇರಿ ಮಾಡಿಸಿ ಮಾರಿದರೆ ಒಳ್ಳೆಯದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತಿರುವು:
ಕೊಟ್ಟುಬಿಡಿ. ಯಾರ್ಡ್ ಬಾಡಿಗೆ ಗಾಡಿಯ ಬೆಲೆಯನ್ನೇ ನುಂಗಿಬಿಡುತ್ತದೆ.

ಸ್ಪ್ಯಾನರ್:
ರಿಪೇರಿ ಮಾತ್ರ ಬೇಡ. ನಾನು ಇಪ್ಪತ್ತು ವರ್ಷದಿಂದ ಡೆಂಟಿಂಗ್ ಕೆಲಸ ಮಾಡುತ್ತಿದ್ದೇನೆ. ಏರ್‌ಬ್ಯಾಗ್ ತೆರೆದುಕೊಂಡ ಹನ್ನೊಂದು ವರ್ಷದ ಕಾರು ಅಂದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಏರ್‌ಬ್ಯಾಗನ್ನು ಮತ್ತೆ ಮಡಚಿ ಒಳಗೆ ಇಡಲು ಬರುವುದಿಲ್ಲ. ಅದು ಒಂದೇ ಸಲದ ವಸ್ತು. ಬ್ಯಾಗ್ ಹೊಸದು ಬೇಕು. ಸೀಟ್ ಬೆಲ್ಟನ್ನು ಗುದ್ದಿದ ಕ್ಷಣದಲ್ಲಿ ಎಳೆದು ಬಿಗಿ ಮಾಡುವ ಪ್ರಿಟೆನ್ಷನರ್ ಸಿಡಿದಿರುತ್ತದೆ, ಅದೂ ಹೊಸದು ಬೇಕು. ಕಂಟ್ರೋಲ್ ಮಾಡ್ಯೂಲ್, ಮುಂದಿನ ಸೆನ್ಸರ್, ಒಡೆದ ಡ್ಯಾಶ್‌ಬೋರ್ಡ್ ಎಲ್ಲ ಸೇರಿಸಿ ನೋಡಿ. ಆಮೇಲೆ ಬಾನೆಟ್, ರೇಡಿಯೇಟರ್, ಎಸಿ ಕಂಡೆನ್ಸರ್, ಲೈಟು, ಬಂಪರ್. ಇಷ್ಟೆಲ್ಲ ಹಾಕಿದ ಮೇಲೂ ಕೊಳ್ಳುವವನಿಗೆ ಅದು "ಆಕ್ಸಿಡೆಂಟ್ ಗಾಡಿ"ಯೇ. ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಇನ್ನೊಂದು ಮಾತು. ಎಂಜಿನ್ ಚೆನ್ನಾಗಿದೆಯಾ ನೋಡೋಣ ಅಂತ ಯಾರಿಗೂ ಸ್ಟಾರ್ಟ್ ಮಾಡಲು ಬಿಡಬೇಡಿ. ರೇಡಿಯೇಟರ್ ಒಡೆದಿದೆ ಅಂದರೆ ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಇಲ್ಲ. ಸ್ವಲ್ಪ ಹೊತ್ತು ಓಡಿದರೂ ಬಿಸಿಗೆ ಎಂಜಿನ್ ಒಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಈಗ ನಿಮ್ಮ ಕಾರಿನಲ್ಲಿ ಬೆಲೆ ಇರುವುದೇ ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಬಾಗಿಲುಗಳಿಗೆ.

ಮಳೆಬಿಲ್ಲು:
ನೀಲಿಹಕ್ಕಿ ಅವರೇ, ಕಾರು ಯಾರ ಹೆಸರಿನಲ್ಲಿದೆ?

ಹಳೇಗಾಡಿ_ಪ್ರೇಮಿ:
ಈಗಿನ ಕಾರುಗಳು ಡಬ್ಬ ಇದ್ದ ಹಾಗೆ. ಹಳೆಯ ಕಾಲದ ದಪ್ಪ ತಗಡಿನ ಗಾಡಿ ಆಗಿದ್ದರೆ ಲಾರಿಗೆ ಗುದ್ದಿದರೂ ಬಂಪರ್ ಬದಲಿಸಿ ಮನೆಗೆ ಓಡಿಸಿಕೊಂಡು ಬರಬಹುದಿತ್ತು. ನಮ್ಮ ಮಾವನ ಗಾಡಿ ಮರಕ್ಕೆ ಹೊಡೆದಾಗ ಮರವೇ ಬಾಗಿತ್ತು.

ಸ್ಪ್ಯಾನರ್:
@ಹಳೇಗಾಡಿ_ಪ್ರೇಮಿ, ಅಣ್ಣಾ, ಈ ಮಾತು ದಿನಾ ಕೇಳುತ್ತೇನೆ, ದಿನಾ ಬೇಜಾರಾಗುತ್ತದೆ. ಮುಂಭಾಗ ನಜ್ಜುಗುಜ್ಜಾಗಿದೆ, ಹುಡುಗಿಯ ಮಣಿಕಟ್ಟು ಮಾತ್ರ ಮುರಿದಿದೆ. ಕಾರು ತನ್ನ ಕೆಲಸ ಮಾಡಿದೆ ಅಂತ ಅದರ ಅರ್ಥ. ಮುಂಭಾಗ ಮಡಚಿಕೊಂಡು ಹೊಡೆತವನ್ನು ನುಂಗಬೇಕು, ಜನ ಕೂರುವ ಭಾಗ ಗಟ್ಟಿಯಾಗಿ ನಿಲ್ಲಬೇಕು. ಬೇಲಾ ಬರೇನಿ ಎಂಬ ಎಂಜಿನಿಯರ್ ಯೋಚಿಸಿದ್ದು ಇದನ್ನೇ. 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಅದು ಮೊದಲು ಬಂತು. ಗಾಡಿ ಮಡಚದೇ ಇದ್ದರೆ ಆ ಹೊಡೆತ ಎಲ್ಲಿಗೆ ಹೋಗುತ್ತದೆ ಹೇಳಿ? ಒಳಗೆ ಕೂತವರ ಎದೆಗೆ, ಕುತ್ತಿಗೆಗೆ.

ಹಳೇಗಾಡಿ_ಪ್ರೇಮಿ:
ಪುಸ್ತಕದ ಮಾತು. ಕಬ್ಬಿಣ ಕಬ್ಬಿಣವೇ.

ಹೆದ್ದಾರಿ_ಪಯಣಿಗ:
ಪುಸ್ತಕದ ಮಾತಲ್ಲ ಸರ್, ಗುದ್ದಿಸಿಯೇ ನೋಡಿದ್ದಾರೆ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್ಎಸ್ ಒಂದು 1959ರ ಷೆವರ್ಲೆ ಬೆಲ್ ಏರ್ ಮತ್ತು ಒಂದು 2009ರ ಷೆವರ್ಲೆ ಮಾಲಿಬುವನ್ನು ಎದುರುಬದುರು ಗುದ್ದಿಸಿತು. ಆ ವಿಡಿಯೋ ಈಗಲೂ ನೋಡಲು ಸಿಗುತ್ತದೆ. ಹಳೆಯ ಕಾರಿನ ಚಾಲಕನ ಜಾಗವೇ ಕುಸಿದು ಹೋಯಿತು. ಹೊಸದರಲ್ಲಿ ಚಾಲಕನ ಬದಲು ಕೂರಿಸಿದ್ದ ಬೊಂಬೆಗೆ ಕಾಲಿಗೆ ಪೆಟ್ಟಾಗುವ ಸಾಧ್ಯತೆ ಮಾತ್ರ ಕಂಡಿತು. ದಯವಿಟ್ಟು ಒಮ್ಮೆ ನೋಡಿ, ಆಮೇಲೆ ಮಾತಾಡೋಣ.

ನೀಲಿಹಕ್ಕಿ:
@ಮಳೆಬಿಲ್ಲು, ಕಾರು ಅಪ್ಪನ ಹೆಸರಿನಲ್ಲಿದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಬದಲಾಯಿಸಿಕೊಳ್ಳಬೇಕು ಅಂದುಕೊಂಡೆವು, ಆಗಲಿಲ್ಲ. ಫೋನ್ ಮಾಡಿದವರಿಗೂ ಇದನ್ನು ಹೇಳಿದೆ. "ಪರವಾಗಿಲ್ಲ, ನೀವು ಕಾಗದ ಮತ್ತು ಬೀಗದ ಕೈ ಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದರು.

ಮಳೆಬಿಲ್ಲು:
ಕೊಡಬೇಡಿ. ದಯವಿಟ್ಟು ಕೊಡಬೇಡಿ.

ನನ್ನ ಕಥೆ ಹೇಳುತ್ತೇನೆ. ನನ್ನ ಗಂಡ ಹೋದ ಮೇಲೆ ಅವರ ಕಾರನ್ನು ಹೀಗೆಯೇ ಒಬ್ಬ ದಲ್ಲಾಳಿಗೆ ಕೊಟ್ಟೆ. ಗುದ್ದಿಸಿಕೊಂಡ ಗಾಡಿ, ಮನೆ ಮುಂದೆ ಇದ್ದರೆ ನೋಡಲು ಆಗುತ್ತಿರಲಿಲ್ಲ. ಒಂದು ಖಾಲಿ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು, ದುಡ್ಡು ಎಣಿಸಿ ಕೊಟ್ಟರು, ಹೋದರು. ಎಂಟು ತಿಂಗಳ ಮೇಲೆ ಮನೆಗೆ ಪೊಲೀಸರು ಬಂದರು. ಆ ಕಾರು ಎಲ್ಲೋ ಒಬ್ಬರಿಗೆ ಡಿಕ್ಕಿ ಹೊಡೆದು ಓಡಿಹೋಗಿತ್ತು. ದಾಖಲೆಯಲ್ಲಿ ಇನ್ನೂ ನಮ್ಮ ಮನೆಯವರ ಹೆಸರೇ ಇತ್ತು. ಮಾರಿದ್ದಕ್ಕೆ ನನ್ನ ಹತ್ತಿರ ಒಂದು ರಸೀದಿಯೂ ಇರಲಿಲ್ಲ. ದಲ್ಲಾಳಿಯ ಫೋನ್ ಸ್ವಿಚ್ ಆಫ್. ಒಂದು ವರ್ಷ ಅಲೆದೆ.

ಕಾರು ಕೈಬಿಟ್ಟರೆ ಸಾಲದು, ಹೆಸರು ಬಿಡಬೇಕು. ಹೆಸರು ಬಿಡುವವರೆಗೆ ಅದು ನಿಮ್ಮದೇ.

ತಿರುವು:
ಇದು ನನಗೆ ಹೊಳೆಯಲಿಲ್ಲ. ನನ್ನ ಮೊದಲ ಮಾತನ್ನು ವಾಪಸ್ ತೆಗೆದುಕೊಂಡೆ.

ಲೆಕ್ಕದ_ಮೇಷ್ಟ್ರು:
ಇನ್ನೊಂದು ವಿಷಯ ಗಮನಿಸಿ. "ಗಾಡಿ ನೋಡುವುದೂ ಬೇಡ, ಕಾಗದ ಸಾಕು" ಎನ್ನುವವನಿಗೆ ಬೇಕಿರುವುದು ಏನು? ಗಾಡಿ ಅಲ್ಲ. ಕಾಗದ. ಗುಜರಿಯವನಾದರೆ ತೂಕ ಕೇಳುತ್ತಾನೆ. ಬಿಡಿಭಾಗ ಮಾರುವವನಾದರೆ ಎಂಜಿನ್ ಹೇಗಿದೆ, ಯಾವ ಬಾಗಿಲು ಚೆನ್ನಾಗಿದೆ ಅಂತ ಕೇಳುತ್ತಾನೆ. ಕಾಗದವನ್ನು ಮೊದಲು ಕೇಳುವವರಲ್ಲಿ ಕೆಲವರ ದಂಧೆಯೇ ಬೇರೆ. ಕದ್ದ ಕಾರೊಂದು ಇರುತ್ತದೆ, ಅದೇ ಮಾಡೆಲ್, ಅದೇ ಬಣ್ಣ. ನಿಮ್ಮ ನಜ್ಜುಗುಜ್ಜಾದ ಕಾರಿನ ಗುರುತಿನ ಸಂಖ್ಯೆ, ಅಂದರೆ ಚಾಸಿ ನಂಬರ್ ಕತ್ತರಿಸಿ ಅದಕ್ಕೆ ಕೂರಿಸುತ್ತಾರೆ. ನಿಮ್ಮ ನಂಬರ್ ಪ್ಲೇಟು, ನಿಮ್ಮ ನೋಂದಣಿ ಪತ್ರ. ಕದ್ದ ಕಾರು ಒಂದೇ ರಾತ್ರಿಯಲ್ಲಿ ಸಾಚಾ ಆಗಿಬಿಡುತ್ತದೆ.

ಚಾಸಿ ನಂಬರ್ ಅಂದರೆ 17 ಅಕ್ಷರ ಮತ್ತು ಅಂಕಿಗಳ ಸಾಲು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದಿಲ್ಲ, ಒಂದು ಮತ್ತು ಸೊನ್ನೆ ಅಂತ ತಪ್ಪು ಓದಬಾರದು ಅಂತ. ಇವತ್ತೇ ಯಾರ್ಡಿಗೆ ಹೋಗಿ ಅದರ ಫೋಟೋ ತೆಗೆದಿಡಿ.

ನೀಲಿಹಕ್ಕಿ:
ಇದನ್ನೆಲ್ಲ ಓದಿ ಕೈ ನಡುಗಿತು. ಅವರಿಗೆ ಈಗಲೇ ಫೋನ್ ಮಾಡಿ ಬೇಡ ಎಂದೆ. ಮೊತ್ತವನ್ನು ಇನ್ನೂ ಏರಿಸಿದರು! ಆಗ ಅನುಮಾನ ಗಟ್ಟಿಯಾಯಿತು.

ಕ್ಲೇಮ್_ಕೆಲಸದವಳು:
ನಾನು ವಾಹನ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವಳು. ನೀಲಿಹಕ್ಕಿಯವರಿಗೆ ಇದು ಬೇಕಾಗದಿರಬಹುದು, ಆದರೆ ಪೂರ್ತಿ ಇನ್ಶೂರೆನ್ಸ್ ಇರುವ ಯಾರಾದರೂ ಈ ಚರ್ಚೆ ಓದುತ್ತಿದ್ದರೆ ಇದನ್ನು ನೋಡಿಕೊಳ್ಳಿ. ನಷ್ಟ ಎಷ್ಟು ಅಂತ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ಮೊದಲು ಗಾಡಿ ಮಾರಬೇಡಿ, ಬಿಚ್ಚಿಸಬೇಡಿ. ನೋಡಲು ಗಾಡಿಯೇ ಇಲ್ಲ ಅಂದರೆ ಕ್ಲೇಮ್ ಬಿದ್ದುಹೋಗಬಹುದು. ರಿಪೇರಿ ಖರ್ಚು ಗಾಡಿಯ ಬೆಲೆಯ ಇಷ್ಟು ಪಾಲನ್ನು ದಾಟಿದರೆ ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಪ್ರಯೋಜನ ಇಲ್ಲದ ಗಾಡಿ ಎನ್ನುತ್ತಾರೆ. ಆ ಪಾಲು ಎಷ್ಟು ಅನ್ನುವುದು ದೇಶಕ್ಕೊಂದು, ಪಾಲಿಸಿಗೊಂದು. ಎಷ್ಟೋ ಕಡೆ ಎರಡು ದಾರಿ ಇರುತ್ತದೆ: ಗಾಡಿಯನ್ನು ಕಂಪನಿಗೆ ಒಪ್ಪಿಸಿ ಪೂರ್ತಿ ಪರಿಹಾರ ತೆಗೆದುಕೊಳ್ಳುವುದು, ಅಥವಾ ಗಾಡಿ ನೀವೇ ಇಟ್ಟುಕೊಂಡು ಅದರ ಗುಜರಿ ಬೆಲೆ ಕಳೆದು ಉಳಿದದ್ದು ಪಡೆಯುವುದು. ಎರಡನೆಯದನ್ನು ಒಪ್ಪುವ ಮೊದಲು ಆ ಗುಜರಿ ಬೆಲೆಗೆ ನಿಜವಾಗಿ ಕೊಳ್ಳುವವರು ಇದ್ದಾರಾ ಅಂತ ಹೊರಗೆ ವಿಚಾರಿಸಿ. ಇಲ್ಲದಿದ್ದರೆ ನಷ್ಟ ನಿಮಗೆ.

ನೀಲಿಹಕ್ಕಿ, ನಿಮ್ಮದರಲ್ಲಿ ಗಾಯ ಆಗಿದೆ ಅಲ್ವಾ. ಪೊಲೀಸ್ ಕೇಸ್ ಇದ್ದರೆ ಗಾಡಿಯನ್ನು ಬಿಡುಗಡೆ ಮಾಡಿದ್ದಾರಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಲಾರಿಯವರ ನಷ್ಟದ ವಿಷಯವೂ ನಿಮ್ಮ ಥರ್ಡ್ ಪಾರ್ಟಿ ಕಂಪನಿಗೆ ತಿಳಿದಿರಬೇಕು. ಅಪ್ಪ ತೀರಿಕೊಂಡ ಸಂಗತಿಯನ್ನೂ ಮುಚ್ಚಿಡಬೇಡಿ.

ನೀಲಿಹಕ್ಕಿ:
ಧನ್ಯವಾದ ಮೇಡಂ. ಪೊಲೀಸರು ಮೂರನೇ ದಿನವೇ ಬಿಡುಗಡೆ ಪತ್ರ ಕೊಟ್ಟಿದ್ದಾರೆ. ಕಂಪನಿಗೆ ನಾಳೆ ಹೋಗಿ ಎಲ್ಲ ಹೇಳುತ್ತೇನೆ.

ಹೆದ್ದಾರಿ_ಪಯಣಿಗ:
ನನ್ನ ಕಾರಿಗೆ ಹಿಂದಿನಿಂದ ಬಸ್ ಗುದ್ದಿತ್ತು. ಅದನ್ನು ಮಾರಿದಾಗ ಆದದ್ದು ಹೇಳುತ್ತೇನೆ. ಫೋನಿನಲ್ಲಿ ಒಂದು ರೇಟು ಒಪ್ಪಿದರು. ಟೋ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರು. ಆಮೇಲೆ ಶುರುವಾಯಿತು. "ಅಯ್ಯೋ, ಇಷ್ಟು ಪೆಟ್ಟಾಗಿದೆ ಅಂತ ಹೇಳಿರಲಿಲ್ಲ." "ಟೋ ಬಾಡಿಗೆ ನಿಮ್ಮದು." ಕೊನೆಗೆ ಹೇಳಿದ್ದರಲ್ಲಿ ಅರ್ಧ ಕೊಡುತ್ತೇವೆ ಎಂದರು. ಗಾಡಿ ಕೊಕ್ಕೆಗೆ ಸಿಕ್ಕಿಸಿ ಆಗಿತ್ತು. ಹೆಂಡತಿ ಒಳಗಿನಿಂದ ಬಂದು "ಇಳಿಸಿ, ನಾವು ಮಾರುವುದಿಲ್ಲ" ಎಂದಳು. ಐದು ನಿಮಿಷದಲ್ಲಿ ಹಳೆಯ ರೇಟಿಗೆ ಬಂದರು. ಅವಳಿಲ್ಲದಿದ್ದರೆ ನಾನು ಕೊಟ್ಟುಬಿಡುತ್ತಿದ್ದೆ.

ಹಾಗಾಗಿ ಎಲ್ಲ ಕಡೆಯಿಂದ ಫೋಟೋ ತೆಗೆದು ಮೊದಲೇ ಕಳಿಸಿ. ಏರ್‌ಬ್ಯಾಗ್ ತೆರೆದಿದೆ, ಸ್ಟಾರ್ಟ್ ಆಗುವುದಿಲ್ಲ ಅಂತ ಬರೆದೇ ಕಳಿಸಿ. ಟೋ ಖರ್ಚು ಯಾರದು ಅಂತಲೂ ಬರಹದಲ್ಲಿ ಕೇಳಿ. ಬಂದ ಮೇಲೆ ಚೌಕಾಸಿಗೆ ದಾರಿ ಇರಬಾರದು.

ಅಡ್ಡರಸ್ತೆ:
ಯಾಕೆ ಅಷ್ಟೊಂದು ಹೇಳಬೇಕು? ಕೊಳ್ಳುವವನು ನೋಡಿಕೊಂಡು ಕೊಳ್ಳಲಿ. ನನ್ನ ಪರಿಚಯದವರು ನೆಗ್ಗಿದ ಕಡೆ ಪುಟ್ಟಿ ಹಾಕಿ, ಪೇಂಟ್ ಹೊಡೆಸಿ, ಏರ್‌ಬ್ಯಾಗ್ ವಾರ್ನಿಂಗ್ ಲೈಟ್ ತೆಗೆಸಿ ಮಾಮೂಲಿ ರೇಟಿಗೆ ಮಾರಿದರು.

ಸ್ಪ್ಯಾನರ್:
ಇದು ತಪ್ಪು. ಇದನ್ನು ಓದಿ ಸುಮ್ನೆ ಇರಲು ಆಗುವುದಿಲ್ಲ. ಏರ್‌ಬ್ಯಾಗ್ ಇಲ್ಲದ ಸ್ಟೀರಿಂಗಿಗೆ ಮುಚ್ಚಳ ಹಾಕಿ, ಲೈಟ್ ತೆಗೆಸಿ ಮಾರಿದ ಗಾಡಿಯಲ್ಲಿ ನಾಳೆ ಯಾರದೋ ಮಗಳು ಕೂರುತ್ತಾಳೆ. ನೀಲಿಹಕ್ಕಿಯ ತಂಗಿ ಬದುಕಿದ್ದು ಆ ಬ್ಯಾಗಿನಿಂದ. ಗುದ್ದಿದ ಮೇಲೆ ಅದು ಉಬ್ಬಲು ತೆಗೆದುಕೊಳ್ಳುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಸುಮಾರು 30 ಮಿಲಿಸೆಕೆಂಡು. ಅದಿಲ್ಲದ ಗಾಡಿಯನ್ನು ಇದೆ ಅಂತ ಮಾರುವುದು ವ್ಯಾಪಾರ ಅಲ್ಲ.

ಪಿಲ್ಲರ್‌ಗಳ, ಅಂದರೆ ಛಾವಣಿಯನ್ನು ಹೊರುವ ಕಂಬಗಳ ಕಥೆಯೂ ಹಾಗೆಯೇ. ಈಗಿನ ಕಾರುಗಳಲ್ಲಿ ಬಹಳ ಗಟ್ಟಿ ಉಕ್ಕು ಇರುತ್ತದೆ. ಅದನ್ನು ಬಿಸಿ ಮಾಡಿ ನೇರ ಮಾಡಿದರೆ ಆ ಗಟ್ಟಿತನವೇ ಹೋಗುತ್ತದೆ. ಹೊರಗಿನಿಂದ ನೋಡಿದರೆ ನೇರವಾಗಿಯೇ ಕಾಣುತ್ತದೆ. ಮುಂದಿನ ಹೊಡೆತಕ್ಕೆ ತಡೆಯುವುದಿಲ್ಲ.

ಲೆಕ್ಕದ_ಮೇಷ್ಟ್ರು:
ಸಿಕ್ಕಿಬೀಳುವುದೂ ಸುಲಭ. ಪೇಂಟಿನ ದಪ್ಪ ಅಳೆಯುವ ಸಣ್ಣ ಮೀಟರ್ ಈಗ ಎಲ್ಲರ ಕೈಯಲ್ಲೂ ಇದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಕೆಳಗೆ ಪುಟ್ಟಿ ಇದ್ದರೆ ಅಂಕಿ ಎಷ್ಟೋ ಪಟ್ಟು ಏರುತ್ತದೆ.

ನಾನು ಪಾಠ ಮಾಡುವ ವಿಷಯ ಅರ್ಥಶಾಸ್ತ್ರ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆ ಮಾಡಿಕೊಂಡು ಬರೆದರು. ಮಾರುವವನಿಗೆ ಗಾಡಿಯ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಗಾಡಿ ಇರುವವರು ಆ ಬೆಲೆಗೆ ಮಾರಲು ಒಪ್ಪದೆ ಹಿಂದೆ ಸರಿಯುತ್ತಾರೆ. ಈ ಕೆಲಸಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಪುಟ್ಟಿ ಬಳಿದು ಮಾರುವ ಪ್ರತಿಯೊಬ್ಬರೂ ಸರಿಯಾಗಿ ಹೇಳಿ ಮಾರುವವರ ಬೆಲೆಯನ್ನೂ ಇಳಿಸುತ್ತಾರೆ.

ಅಡ್ಡರಸ್ತೆ:
ಸರಿ ಸರಿ. ನಾನು ಮಾಡಿದ್ದಲ್ಲ, ಪರಿಚಯದವರದ್ದು. ಆದರೆ ನೀವು ಹೇಳುವುದು ಒಪ್ಪುತ್ತೇನೆ, ಏರ್‌ಬ್ಯಾಗ್ ವಿಷಯ ಬೇರೆಯೇ.

ಗುಡ್ಡದಮನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬ್ಯಾಟರಿ ಕಾರು. ಕೆಳಗಡೆ ಕಲ್ಲಿಗೆ ಜೋರಾಗಿ ಬಡಿದಿದೆ. ಅದನ್ನೂ ಹೀಗೆಯೇ ಮಾರಬಹುದಾ?

ಸ್ಪ್ಯಾನರ್:
@ಗುಡ್ಡದಮನೆ, ಮಾರುವ ಮಾತು ಆಮೇಲೆ. ಈಗ ಗಾಡಿ ಮನೆಯ ಗೋಡೆಗೆ ತಾಗಿ ನಿಂತಿದ್ದರೆ ಮೊದಲು ದೂರ ಸರಿಸಿ, ಬಯಲಿನಲ್ಲಿ ನಿಲ್ಲಿಸಿ. ಲಿಥಿಯಂ ಬ್ಯಾಟರಿಗೆ ಒಳಗೆ ಪೆಟ್ಟಾಗಿದ್ದರೆ ದಿನಗಳು ಕಳೆದ ಮೇಲೂ ಬೆಂಕಿ ಹತ್ತಬಹುದು. ಕಿತ್ತಳೆ ಬಣ್ಣದ ವೈರ್ ಕಂಡರೆ ಅದು ಹೈ ವೋಲ್ಟೇಜ್, ಮುಟ್ಟಬೇಡಿ. ತರಬೇತಿ ಇರುವವರಿಂದ ಬ್ಯಾಟರಿ ಪರೀಕ್ಷೆ ಮಾಡಿಸಿ. ಆ ರಿಪೋರ್ಟ್ ಇಲ್ಲದೆ ಸರಿಯಾದ ಬೆಲೆ ಯಾರೂ ಹೇಳುವುದಿಲ್ಲ.

ಗುಡ್ಡದಮನೆ:
ಗೋಡೆಗೆ ತಾಗಿಯೇ ಇತ್ತು. ಈಗ ತಳ್ಳಿಸಿ ಬಂದೆ. ತುಂಬ ಉಪಕಾರ ಆಯಿತು ಅಣ್ಣ.

ನೀಲಿಹಕ್ಕಿ:
ಇವತ್ತು ಯಾರ್ಡಿಗೆ ಹೋಗಿದ್ದೆ. ಒಂದು ಬೇಸರದ ಸಂಗತಿ. ಬ್ಯಾಟರಿ ಇಲ್ಲ, ಸ್ಟೆಪ್ನಿ ಇಲ್ಲ. ಕೇಳಿದರೆ "ಬಂದಾಗಲೇ ಇರಲಿಲ್ಲ" ಎನ್ನುತ್ತಾರೆ. ಅಪ್ಪ ಆ ಕಾರನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಿದ್ದರು. ಡ್ಯಾಶ್‌ಬೋರ್ಡಿನ ಡ್ರಾಯರ್‌ನಲ್ಲಿ ಅವರ ಕೈಬರಹದ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಯಾವ ದಿನ ಎಣ್ಣೆ ಬದಲಾಯಿಸಿದ್ದು, ಎಷ್ಟು ಕಿಲೋಮೀಟರ್, ಎಲ್ಲ ಬರೆದಿದ್ದಾರೆ. ಅಲ್ಲೇ ಕೂತು ಅತ್ತುಬಿಟ್ಟೆ.

ಮಳೆಬಿಲ್ಲು:
ಪುಸ್ತಕ ಮನೆಗೆ ತಂದಿರಿ ಅಲ್ವಾ? ಅದನ್ನು ಕೊಡಬೇಡಿ. ಕೊಳ್ಳುವವರಿಗೆ ಫೋಟೋ ತೋರಿಸಿದರೆ ಸಾಕು. ಎಂಜಿನ್ನನ್ನು ಹೇಗೆ ನೋಡಿಕೊಂಡಿದ್ದರು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕ್ಲೇಮ್_ಕೆಲಸದವಳು:
ಅಪಘಾತದ ದಿನ ಯಾರಾದರೂ ಫೋಟೋ ತೆಗೆದಿದ್ದಾರಾ? ಟೋ ಮಾಡುವಾಗ ಕೊಟ್ಟ ಚೀಟಿಯಲ್ಲಿ ಸಾಮಾನಿನ ಪಟ್ಟಿ ಇರಬೇಕು, ನೋಡಿ. ಅದನ್ನು ತೋರಿಸಿದರೆ ಮಾತು ಬದಲಾಗುತ್ತದೆ.

ಸ್ಪ್ಯಾನರ್:
ಗಾಡಿಯ ಕೆಳಗೆ ಬಗ್ಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ ನೋಡಿ. ಹೊಗೆ ಕೊಳವೆಯ ಮಧ್ಯೆ ಉಬ್ಬಿದ ಡಬ್ಬಿಯ ತರ ಇರುತ್ತದೆ. ಅದರೊಳಗೆ ಬೆಲೆಬಾಳುವ ಲೋಹಗಳಾದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸ್ವಲ್ಪ ಸ್ವಲ್ಪ ಇರುತ್ತದೆ. ಕಳ್ಳರು ಗರಗಸ ಹಾಕಿ ಕತ್ತರಿಸಿಕೊಂಡು ಹೋಗುವುದು ಅದಕ್ಕೇ. ತೂಕದ ಲೆಕ್ಕದಲ್ಲಿ ಗಾಡಿ ಕೊಂಡವನು ಅದನ್ನು ಬೇರೆ ಮಾರಿ ಲಾಭ ಮಾಡಿಕೊಳ್ಳುತ್ತಾನೆ. ಇದೆ ಅಂತಾದರೆ ಇದೆ ಅಂತ ಹೇಳಿ ಬೆಲೆ ಕೇಳಿ.

ಹಳೇಗಾಡಿ_ಪ್ರೇಮಿ:
ಆ ವಿಡಿಯೋ ನೋಡಿದೆ. ಎರಡು ಸಲ ನೋಡಿದೆ. ಹಳೆಯ ಕಾರಿನ ಒಳಗೆ ಆ ಬೊಂಬೆಗೆ ಆದದ್ದನ್ನು ನೋಡಲು ಆಗಲಿಲ್ಲ. ನನ್ನ ಹಳೇ ಗಾಡಿಗೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲ, ಮೊಮ್ಮಕ್ಕಳನ್ನು ಅದರಲ್ಲಿ ಕರೆದುಕೊಂಡು ಹೋಗುತ್ತೇನೆ. ಈಗ ಯೋಚನೆ ಆಗಿದೆ.

ಸ್ಪ್ಯಾನರ್:
ಅಣ್ಣಾ, ಬೆಲ್ಟ್ ಹಾಕಿಸಬಹುದು. ಕೂರಿಸುವ ಜಾಗಕ್ಕೆ ಗಟ್ಟಿ ಕೊಡಬೇಕು ಅಷ್ಟೇ. ಬೇರೆ ಚರ್ಚೆ ಶುರು ಮಾಡಿ, ಹೇಳುತ್ತೇನೆ.

ನೀಲಿಹಕ್ಕಿ:
ಮೂರು ವಾರ ಆಯಿತು. ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಟೋ ಚೀಟಿಯ ಹಿಂದೆ ಬ್ಯಾಟರಿ, ಸ್ಟೆಪ್ನಿ, ಜಾಕ್ ಎಲ್ಲ ಬರೆದಿತ್ತು. ಅದನ್ನು ತೋರಿಸಿದೆ. ಮಾರನೇ ದಿನ ಎರಡೂ ವಾಪಸ್ ಬಂದವು. ಗಾಡಿಯನ್ನು ಅಲ್ಲಿಂದ ಎತ್ತಿಸಿ ಚಿಕ್ಕಪ್ಪನ ಮನೆಯ ಹಿಂದೆ ನಿಲ್ಲಿಸಿದೆವು. ಒಂದು ಸಲದ ಟೋ ಖರ್ಚು ಆಯಿತು, ಆದರೆ ಬಾಡಿಗೆ ನಿಂತಿತು. ಅವಸರವೂ ನಿಂತಿತು. ಅಮ್ಮ, ತಂಗಿ, ನಾನು ಮೂವರೂ ಸಹಿ ಹಾಕಿ ಕಾರನ್ನು ಅಮ್ಮನ ಹೆಸರಿಗೆ ಮಾಡಿಸಿದೆವು. ಸಮಯ ಹಿಡಿಯಿತು, ಅಸಾಧ್ಯ ಆಗಲಿಲ್ಲ.

ಆಮೇಲೆ ನಾಲ್ಕು ಜನಕ್ಕೆ ಫೋಟೋ ಕಳಿಸಿದೆ. ಇಬ್ಬರು ತೂಕದ ಲೆಕ್ಕ ಹೇಳಿದರು. ಒಬ್ಬರು ಉತ್ತರ ಕೊಡಲಿಲ್ಲ. ನಾಲ್ಕನೆಯವರು ಬಿಡಿಭಾಗದ ವ್ಯಾಪಾರಿ. ಬಂದು ಒಂದು ಗಂಟೆ ನೋಡಿದರು. ಅಪ್ಪನ ಪುಸ್ತಕದ ಫೋಟೋಗಳನ್ನು ಒಂದೊಂದೇ ಓದಿದರು. ತೂಕದವರು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಕೊಟ್ಟರು. ಮೊದಲ ದಿನ ಫೋನ್ ಮಾಡಿದವರು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ. ಅದಕ್ಕೆ ಬೇಸರ ಇಲ್ಲ.

ಕ್ಯಾಶನ್ನು ಬ್ಯಾಂಕಿನಲ್ಲೇ ತೆಗೆದುಕೊಂಡೆವು, ಅಲ್ಲೇ ಎಣಿಸಿ ಅಮ್ಮನ ಖಾತೆಗೆ ಹಾಕಿದೆವು. ಮಾರಾಟ ಪತ್ರದಲ್ಲಿ ದಿನ, ಗಂಟೆ, ಚಾಸಿ ನಂಬರ್, "ಇದ್ದ ಸ್ಥಿತಿಯಲ್ಲಿ, ಏರ್‌ಬ್ಯಾಗ್ ತೆರೆದಿದೆ" ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡೆ. ಅದೇ ದಿನ ನೋಂದಣಿ ಕಚೇರಿಗೆ ಮಾರಿದ್ದನ್ನು ತಿಳಿಸಿ ಮುದ್ರೆ ಹಾಕಿಸಿಕೊಂಡೆ. ಹೆಸರು ಬದಲಾಗಿದೆ ಎಂದು ನಿನ್ನೆ ನೋಡಿದೆ. ಅದಾದ ಮೇಲೆ ಇನ್ಶೂರೆನ್ಸ್ ರದ್ದು ಮಾಡಿಸಿದೆ, ಉಳಿದ ತಿಂಗಳುಗಳದ್ದು ಸ್ವಲ್ಪ ವಾಪಸ್ ಬರುತ್ತದಂತೆ.

ಲೆಕ್ಕದ_ಮೇಷ್ಟ್ರು:
ಬಹಳ ಸಂತೋಷ. ಕಾರಿನ ಸ್ಕ್ರೀನಿನಲ್ಲಿ ಫೋನ್ ನಂಬರುಗಳು, ಮನೆಯ ವಿಳಾಸ ಇದ್ದರೆ ಅಳಿಸಿದ್ದೀರಾ? ಗೇಟಿನ ರಿಮೋಟು, ಟೋಲ್ ಟ್ಯಾಗು?

ನೀಲಿಹಕ್ಕಿ:
ಟ್ಯಾಗ್ ತೆಗೆದೆ, ರಿಮೋಟ್ ತೆಗೆದೆ. ಸ್ಕ್ರೀನ್ ಇರಲಿಲ್ಲ ಸರ್, ಹಳೆಯ ರೇಡಿಯೋ ಅಷ್ಟೇ. ಅದನ್ನು ತಂಗಿ ಬಿಚ್ಚಿಸಿ ಇಟ್ಟುಕೊಂಡಿದ್ದಾಳೆ.

ಮಳೆಬಿಲ್ಲು:
ತಂಗಿಯ ಕೈ ಹೇಗಿದೆ?

ನೀಲಿಹಕ್ಕಿ:
ಪ್ಲಾಸ್ಟರ್ ಸೋಮವಾರ ತೆಗೆಯುತ್ತಾರೆ ಮೇಡಂ.